ಸಾವಯವ ಅಂತ ಮೀನು ಕೇಳುತ್ತಾ?

ನಮ್ಮ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಮೀನು ಸತ್ತು ತೇಲಿದ ದಿನ ನಾನು ಮಾಡಿದ ಮೊದಲ ಕೆಲಸ ಪಕ್ಕದ ತೋಟದ ಅಣ್ಣನ ಜೊತೆ ಜಗಳ. ಅವರು ಶುಂಠಿ ಬೆಳೆಯೋರು, ರಾಸಾಯನಿಕ ಹೊಡೆಯೋರು. ನಾನು ಸಾವಯವ. ಅಂದ್ಮೇಲೆ ತಪ್ಪು ಯಾರದ್ದು ಅಂತ ಯೋಚನೆ ಮಾಡೋ ಅಗತ್ಯವೇ ಕಾಣಲಿಲ್ಲ. "ಹದಿನೈದು ದಿನದಿಂದ ನಾನು ಗದ್ದೆಗೆ ಏನೂ ಹೊಡೆದಿಲ್ಲ ಮಾರಾಯ" ಅಂದ್ರು. ನಂಬಲಿಲ್ಲ.

ಬೆಂಗಳೂರಲ್ಲಿರೋ ನನ್ನ ಕಾಲೇಜಿನ ಗೆಳೆಯನಿಗೆ ಫೋಟೋ ಕಳಿಸಿದೆ. ಅವನು ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟವನು. ಅವನು ಕೇಳಿದ್ದು ಒಂದೇ ಪ್ರಶ್ನೆ: "ಬಸವನಹುಳ ಬದುಕಿದ್ಯಾ?" ಹೋಗಿ ನೋಡಿದ್ರೆ ದಡದ ಕಲ್ಲಿನ ಮೇಲಿರ್ತಿದ್ದ ಹುಳ ಎಲ್ಲ ಸತ್ತು ಬಿದ್ದಿದ್ವು. "ಹಾಗಾದ್ರೆ ತಾಮ್ರ ಇರಬಹುದು, ನಿನ್ನ ತೋಟದಲ್ಲೇ ಹುಡುಕು" ಅಂದ. ಹವಳ ಸಾಕೋರಿಗೆ ತಾಮ್ರ ಅಂದ್ರೆ ಯಮ. ಮೀನಿನ ರೋಗಕ್ಕೆ ತಾಮ್ರದ ಔಷಧಿ ಕೊಡಬೇಕಾದ್ರೂ ಬೇರೆ ತೊಟ್ಟಿಗೆ ಹಾಕಿ ಕೊಡ್ತಾರೆ, ಇಲ್ಲದಿದ್ರೆ ಹವಳ, ಸಿಗಡಿ, ಹುಳ ಯಾವುದೂ ಉಳಿಯಲ್ಲ.

ಹುಡುಕೋದೇನೂ ಇರಲಿಲ್ಲ. ಹಿಂದಿನ ದಿನ ಅಡಿಕೆಗೆ ಕೊಳೆರೋಗದ ಬೋರ್ಡೋ ಹೊಡೀತಿದ್ವಿ. ಮೈಲುತುತ್ತ ಒಂದು ಡ್ರಮ್ಮಲ್ಲಿ, ಸುಣ್ಣ ಇನ್ನೊಂದರಲ್ಲಿ. ಎರಡನ್ನೂ ಸೇರಿಸೋ ಮೊದಲೇ ಮಳೆ ಬಂತು, ಕೆಲಸ ನಿಲ್ಲಿಸಿದ್ವಿ. ಆ ನೀಲಿ ನೀರಿನ ಡ್ರಮ್ಮನ್ನು ಕಾಲುವೆಗೆ ಬಗ್ಗಿಸಿದ್ದು ನಮ್ಮ ಮನೆಯವರೇ. ಬಗ್ಗಿಸಬೇಡಿ ಅಂತ ನಾನು ಹೇಳಿರಲಿಲ್ಲ.

ಲೆಕ್ಕ ಹಾಕಿ ನೋಡಿ. 1 ಕೆಜಿ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತೆ. 10 ಮೀಟರ್ ಉದ್ದ, 10 ಮೀಟರ್ ಅಗಲದ ಹೊಂಡದಲ್ಲಿ 1 ಮೀಟರ್ ನೀರಿದ್ರೆ 1 ಲಕ್ಷ ಲೀಟರ್. ಅಷ್ಟೂ ತಾಮ್ರ ಸೇರಿದ್ರೆ ಲೀಟರಿಗೆ 2.5 ಮಿಲಿಗ್ರಾಂ. ಮಲೆನಾಡಿನ ಮೆದು ನೀರಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ ಇದ್ರೂ ಮೀನಿಗೆ ಮಾರಕ ಆಗಬಹುದು. ಸುಣ್ಣ ಸರಿಯಾಗಿ ಬೆರೆತ ಬೋರ್ಡೋದಲ್ಲಿ ತಾಮ್ರ ಅಷ್ಟು ಬೇಗ ನೀರಿಗೆ ಬಿಡಲ್ಲ. ಸುಣ್ಣ ಸೇರದ ಬರೀ ನೀಲಿ ನೀರೇ ಹೆಚ್ಚು ಅಪಾಯ.

ಸಾವಯವ ಪ್ರಮಾಣೀಕರಣದಲ್ಲೂ ತಾಮ್ರಕ್ಕೆ ಷರತ್ತಿನ ಮೇಲೆ ಅವಕಾಶ ಇದೆ. ಅದನ್ನೇ ನಾವು "ವಿಷ ಅಲ್ಲ" ಅಂತ ಓದ್ಕೊಂಡಿದ್ದೀವಿ. ನಮ್ಮ ಹಿರಿಯರು ಹಳ್ಳದ ಮೀನು ಹಿಡಿಯೋಕೆ ಕಾರೆಕಾಯಿ ಜಜ್ಜಿ ಹಾಕ್ತಿದ್ರು, ಅದು ಯಾವ ಫ್ಯಾಕ್ಟರಿಯಿಂದ ಬಂದಿತ್ತು? ತಂಬಾಕಿನ ಕಷಾಯ, ಬೇವಿನೆಣ್ಣೆ ಇವೂ ನೀರಿಗೆ ಹೆಚ್ಚು ಬಿದ್ರೆ ಮೀನಿಗೆ ಆಗಲ್ಲ. ರಾಸಾಯನಿಕದವರೂ ನೆಮ್ಮದಿಯಿಂದ ಇರಬೇಡಿ. ಡಬ್ಬದ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇಲಿಯಂಥ ಪ್ರಾಣಿಗಳ ಮೇಲಿನ ಪರೀಕ್ಷೆಯ ಲೆಕ್ಕ, ಮೀನಿನ ಲೆಕ್ಕ ಅಲ್ಲ. ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಾಲು ಕ್ರೂರ.

ಇನ್ನು, ಮೀನು ಸತ್ತಿದ್ದೆಲ್ಲ ವಿಷವೇ ಅಲ್ಲ. ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೀತಿದ್ರೆ, ದೊಡ್ಡ ಮೀನು ಮೊದಲು ಸತ್ರೆ, ಬಿಸಿಲೇರಿದ ಮೇಲೆ ಉಳಿದವು ಚೇತರಿಸಿಕೊಂಡ್ರೆ ಅದು ಹೆಚ್ಚಾಗಿ ಆಮ್ಲಜನಕದ ಕೊರತೆ. ಹೊತ್ತು ಗೊತ್ತಿಲ್ಲದೆ ಸಣ್ಣದು ದೊಡ್ಡದು ಎಲ್ಲ ಸಾಯ್ತಿದ್ರೆ, ಗಿರಗಿರ ತಿರುಗ್ತಿದ್ರೆ, ಜೊತೆಗೆ ಕಪ್ಪೆಮರಿ, ನೀರಹುಳ, ಬಸವನಹುಳವೂ ಸತ್ತಿದ್ರೆ ವಿಷದ ಅನುಮಾನ ಮಾಡಿ.

ಆಗ ಮೊದಲು ಒಳಗೆ ಬರೋ ನೀರು ಕಟ್ಟಿ. ಹೊಂಡದ ನೀರು ಬದಲಾಯಿಸೋ ಮುಂಚೆ ತೊಳೆದ ಬಾಟಲಿಯಲ್ಲಿ ಸ್ಯಾಂಪಲ್ ತೆಗೆದು ಫ್ರಿಜ್ಜಲ್ಲಿಡಿ, ಮೀನುಗಾರಿಕೆ ಇಲಾಖೆಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಫೋನ್ ಮಾಡಿ. ನಾನು ಗಾಬರಿಯಲ್ಲಿ ಇದನ್ನು ಮಾಡಲಿಲ್ಲ, ಹಾಗಾಗಿ ನನ್ನ ಹತ್ರ ಇರೋದು ಸಾಕ್ಷಿ ಮಾತ್ರ, ವರದಿ ಇಲ್ಲ. ಆಮೇಲೆ ಹೊಸ ನೀರು ಬಿಡಿ, ಪಂಪಿನಿಂದ ನೀರೆತ್ತಿ ಚಿಮ್ಮಿಸಿ ಗಾಳಿ ಸೇರಿಸಿ, ಮೇವು ನಿಲ್ಲಿಸಿ. ಸತ್ತ ಮೀನನ್ನು ತಿನ್ನಬೇಡಿ, ಮಾರಬೇಡಿ, ನಾಯಿಗೂ ಹಾಕದೆ ಹೂಳಿ. ದನಕ್ಕೆ ಆ ನೀರು ಬೇಡ. ಹೊಂಡ ಖಾಲಿ ಮಾಡೋದಾದ್ರೆ ಹಳ್ಳಕ್ಕೆ ಬಿಡಬೇಡಿ, ಕೆಳಗಿನವರ ಮೀನೂ ಹೋಗುತ್ತೆ.

ಸುಣ್ಣ ಎರಚಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ತಾಮ್ರ ಅಂತ ಗೊತ್ತಿದ್ರೆ ಮೆದು ನೀರಲ್ಲಿ ಸ್ವಲ್ಪ ಉಪಯೋಗ ಇದೆ. ಗೊತ್ತಿಲ್ಲದೆ ಹಾಕಿದ್ರೆ, ಕೊಳೆತ ಮೀನಿನಿಂದ ಬರೋ ಅಮೋನಿಯಾ ಸುಣ್ಣದಿಂದ ಇನ್ನೂ ವಿಷ ಆಗುತ್ತೆ. ಕೇಳಿಯೇ ಹಾಕಿ.

ತಾಮ್ರ ಕೊಳೆತು ಹೋಗೋ ವಸ್ತು ಅಲ್ಲ, ತಳದ ಕೆಸರಲ್ಲಿ ಕೂತಿರುತ್ತೆ. ಹಾಗಾಗಿ ಕೆಸರು ತೆಗೆಸಿದೆ. ಈಗ ಔಷಧಿ ಬೆರೆಸೋದು, ಡ್ರಮ್ ತೊಳೆಯೋದು ಎಲ್ಲ ಹೊಂಡಕ್ಕಿಂತ ಕೆಳಗೆ, ಹಲಸಿನ ಮರದ ಹತ್ರ. ಪಕ್ಕದ ಅಣ್ಣನ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಅವರು ಕಾಫಿ ಕೊಟ್ರು, ಆದ್ರೆ ಮೊದಲಿನ ಹಾಗೆ ಮಾತಾಡೋಕೆ ಇನ್ನೂ ಶುರು ಮಾಡಿಲ್ಲ. ಮುಂದಿನ ವಾರ ಹತ್ತು ಮರಿಗಳನ್ನು ಬಲೆಯಲ್ಲಿ ಕಟ್ಟಿ ಹೊಂಡಕ್ಕಿಳಿಸಿ ಎರಡು ದಿನ ನೋಡ್ತೇನೆ. ಬದುಕಿದ್ರೆ ಉಳಿದವನ್ನು ತರಿಸೋದು.