ಜಗಲಿಯ ಮೇಲೊಂದು ಸರ್ಕಸ್ಸು

ಆರಿದ್ರಾ ಮಳೆ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಮಕ್ಕಳಿಗೆ ಅಂಗಳದ ಆಟ ಮುಗಿದಂತೆಯೇ. ಹೊರಗೆ ಬಿಟ್ಟರೆ ಶೀತಜ್ವರದ ಭಯ. ಒಳಗೆ ಕೂಡಿಹಾಕಿದರೆ ದಿನವೆಲ್ಲ ಜಗಳ. ಇಂತಹ ದಿನಗಳಿಗೆಂದು ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಒಪ್ಪುವ ಆಟವೊಂದನ್ನು ಈ ತಿಂಗಳು ತಾಯಂದಿರ ಮುಂದಿಡುತ್ತಿದ್ದೇವೆ. ಜಗಲಿಯೇ ಡೇರೆ, ಮನೆಯ ಮಕ್ಕಳೇ ಕಲಾವಿದರು.

ಮೊದಲು ಜೋಕರನ ಟೊಪ್ಪಿ. ಬೇಸಗೆಯಲ್ಲಿ ಆಯ್ದು ಅಟ್ಟದಲ್ಲಿಟ್ಟ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಬಳಿಕ ಕಡಲೆಕಾಯಿ ಪೊಟ್ಟಣದಂತೆ ಸುತ್ತಿ ದಬ್ಬಣದಿಂದ ಹೊಲಿಯಬೇಕು. ಅರಿಶಿನವನ್ನು ಕಲಸಿದರೆ ಹಳದಿ, ಅದಕ್ಕೆ ಚಿಟಿಕೆ ಸುಣ್ಣ ಸೇರಿಸಿದರೆ ಕೆಂಪು, ಇದ್ದಿಲಿನಿಂದ ಕಪ್ಪು. ಹೊಲಿಯುವ, ಸುಣ್ಣ ಕಲಸುವ ಕೆಲಸ ಹಿರಿಯರದು. ಕಡ್ಡಿಗೆ ಹತ್ತಿ ಸುತ್ತಿ ಚುಕ್ಕೆಯಿಡುವ ಸಂಭ್ರಮ ಮಕ್ಕಳದು. ಈ ಬಣ್ಣ ಟೊಪ್ಪಿಗೆ ಮಾತ್ರ, ಮುಖಕ್ಕೆ ಬೇಡ.

ಉಳಿದ ಹಾಳೆಯ ಮೇಲೆ ಚಿಕ್ಕವರನ್ನು ಕೂರಿಸಿ, ದೊಡ್ಡವರು ಮೆಲ್ಲಗೆ ಎಳೆದು ತರಲಿ. ಅದು ಕಲಾವಿದರ ಮೆರವಣಿಗೆ. ಹಗ್ಗವನ್ನು ನೆಲದ ಮೇಲೆ ಹಾಸಿ, ಕೊಡೆ ಹಿಡಿದು ಅದರ ಮೇಲೆ ನಡೆಯುವುದು ಎರಡನೆಯ ಆಟ. ಹಳೆಯ ಸೈಕಲ್ ಟೈರಿಗೆ ಕೆಂಪು, ಹಳದಿ ಕಾಗದದ ಪಟ್ಟಿಗಳನ್ನು ಅಂಟಿಸಿದರೆ ಬೆಂಕಿಯ ಬಳೆ. ಸಿಂಹವಾದ ಮಗು ಅದರೊಳಗೆ ನುಸುಳಬೇಕು.

ಸಿಂಹವನ್ನು ಆಡಿಸುವವನ ಕೈಗೆ ಚಾಟಿ ಮಾತ್ರ ಬೇಡ. 1880ರಲ್ಲಿ ವಿಷ್ಣುಪಂತ ಛತ್ರೆಯವರು ಮುಂಬಯಿಯಲ್ಲಿ 'ಗ್ರೇಟ್ ಇಂಡಿಯನ್ ಸರ್ಕಸ್' ಆರಂಭಿಸಿದಂದಿನಿಂದ ನಮ್ಮ ದೇಶದ ಜನ ಸರ್ಕಸ್ಸಿಗೆ ಮಾರುಹೋದರು. ಆದರೆ ಆ ಬೆರಗಿನ ಹಿಂದೆ ಮೂಕಪ್ರಾಣಿಗಳ ಸಂಕಟವೂ ಇತ್ತು. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಪಳಗಿಸಿ ಪ್ರದರ್ಶಿಸುವುದನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸುವುದನ್ನು ನಿಷೇಧಿಸಬೇಕೆಂದು ಅದೇ ನ್ಯಾಯಾಲಯ 2011ರಲ್ಲಿ ಆದೇಶವಿತ್ತಿತು. ಆಡುವ ಮಕ್ಕಳಿಗೆ ಈ ಮಾತನ್ನು ಕಥೆಯಾಗಿ ಹೇಳಬಹುದು.

ಕಣ್ಣಿಗೆ ಕಾಣದ ಚಾಟಿಯೂ ಒಂದುಂಟು. ಕಳೆದ ಮಳೆಗಾಲದಲ್ಲಿ ನಮ್ಮ ಜಗಲಿಯಲ್ಲಿ ಹಗ್ಗದ ಮೇಲೆ ನಡೆಯುತ್ತಿದ್ದ ಐದು ವರ್ಷದ ಮೊಮ್ಮಗಳು ಕಾಲು ಜಾರಿ ಕುಸಿದಳು. ಮಕ್ಕಳೆಲ್ಲ ಕೈತಟ್ಟಿ ನಕ್ಕರು, ನಾವೂ ನಕ್ಕೆವು. ಮಗು ಕಂಬದ ಮರೆ ಸೇರಿತು. ಮರುದಿನ ಆಟಕ್ಕೇ ಬರಲಿಲ್ಲ.

ಹನ್ನೆರಡನೆಯ ಶತಮಾನದ ಶರಣ ನಗೆಯ ಮಾರಿತಂದೆಯವರಿಗೆ ಜನರನ್ನು ನಗಿಸುವುದೇ ಕಾಯಕವಾಗಿತ್ತು. ಅವರ ನೆನಪಾದಾಗ ನಮ್ಮ ನಗೆ ನಮಗೇ ನಾಚಿಕೆ ತಂದಿತು. ಮೂರನೆಯ ದಿನ ನಾವೇ ಹಾಳೆಯ ಟೊಪ್ಪಿ ಧರಿಸಿ, ಕೊಡೆ ಹಿಡಿದು, ಹಗ್ಗದ ಮೇಲೆ ನಾಲ್ಕು ಹೆಜ್ಜೆಯಿಟ್ಟು ಬೇಕೆಂದೇ ಬಿದ್ದೆವು. ಕಂಬದ ಮರೆಯಿಂದ ನಗು ಕೇಳಿಸಿತು. ಮಗು ಓಡಿಬಂದು ನಮ್ಮ ಕೈಹಿಡಿದು ಎಬ್ಬಿಸಿತು. ಬಳಿಕ ತಾನೇ ಹಗ್ಗದ ಮೇಲೆ ನಡೆಯಿತು.

ಅಂದಿನಿಂದ ನಮ್ಮ ಮನೆಯ ಸರ್ಕಸ್ಸಿಗೆ ಒಂದೇ ನಿಯಮ: ಬಿದ್ದವರನ್ನು ಮೊದಲು ಕೈಹಿಡಿದು ಎಬ್ಬಿಸಬೇಕು, ಆಮೇಲೆ ಎಲ್ಲರೂ ಕೂಡಿ ನಗಬೇಕು. ಆಟ ಮುಗಿದ ಮೇಲೆ ಕಲಾವಿದರಿಗೂ ಪ್ರೇಕ್ಷಕರಿಗೂ ಬಿಸಿಬಿಸಿ ಹಲಸಿನ ಹಪ್ಪಳ ಹಂಚುವ ಭಾರ ಮಾತ್ರ ತಾಯಂದಿರದು.