ಕವಿಮನೆಯ ಅಂಗಳದಲ್ಲಿ ಒಂದು ಹಗಲು

ನೋಡುವುದು ಬೇರೆ, ಕಾಣುವುದು ಬೇರೆ. ಪ್ರವಾಸ ಹೊರಟ ಕುಟುಂಬವು ಹಳೆಯ ಮನೆಯೊಂದನ್ನು ಅರ್ಧ ಗಂಟೆಯಲ್ಲಿ ನೋಡಿ, ನಾಲ್ಕು ಛಾಯಾಚಿತ್ರ ತೆಗೆದು ಮುಂದಿನ ಊರಿಗೆ ಧಾವಿಸುತ್ತದೆ. ಅದೇ ಮನೆಯೆದುರು ಕಾಗದ, ಪೆನ್ಸಿಲು ಹಿಡಿದು ಒಂದು ಹಗಲು ಮೌನವಾಗಿ ಕುಳಿತವರಿಗೆ ಅದು ಕಾಣತೊಡಗುತ್ತದೆ.

ಇದಕ್ಕೆ ತಕ್ಕ ತಾಣ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ. 1904ರಲ್ಲಿ ಜನಿಸಿದ ರಾಷ್ಟ್ರಕವಿ ಕುವೆಂಪು ಅವರು ಬೆಳೆದ ಮೂರು ಅಂತಸ್ತಿನ ಮನೆ ಇಂದು ‘ಕವಿಮನೆ’ಯೆಂಬ ಸ್ಮಾರಕವಾಗಿದೆ. ತಮ್ಮ 1933ರ ಗದ್ಯಕೃತಿಗೆ ಅವರಿತ್ತ ಹೆಸರೇ ‘ಮಲೆನಾಡಿನ ಚಿತ್ರಗಳು’. ಅವರು ಮಾತಿನಲ್ಲಿ ಮಾಡಿದುದನ್ನು ನಮ್ಮ ಮಕ್ಕಳು ರೇಖೆಯಲ್ಲಿ ಪ್ರಯತ್ನಿಸಬಾರದೇಕೆ?

ಚಿತ್ರಿಸಲು ಕುಳಿತವರಿಗೆ ಮೊದಲ ಪಾಠ ಹೇಳುವುದು ಹೆಂಚಿನ ಮಾಡು. ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನಿಂದ ಅದರ ಓರೆಯನ್ನು ಅಳೆಯುವಾಗ ಅಷ್ಟು ಇಳಿಜಾರು ಏಕೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮಲೆನಾಡಿನ ಮಳೆ ನಿಲ್ಲದೆ ಜಾರಿಹೋಗಬೇಕು. ಮುಂಚಾಚಿದ ಸೂರು ಗೋಡೆಯನ್ನು ಕಾಯಬೇಕು. ಎರಡನೆಯ ಪಾಠ ನೆರಳಿನದು. ಬೆಳಗಿನ ನೆರಳು ಮಧ್ಯಾಹ್ನಕ್ಕೆ ಉಳಿಯದು. ಆದ್ದರಿಂದ ಅದರ ಅಂಚನ್ನು ಮೊದಲೇ ಗುರುತಿಸಿ, ಕೊನೆಯವರೆಗೂ ಅದಕ್ಕೇ ಬದ್ಧರಾಗಿರಬೇಕು. ಮೂರನೆಯದು ಜಲವರ್ಣದ ಪಾಠ. ಮೊದಲ ಲೇಪ ಒಣಗುವ ಮುನ್ನ ಎರಡನೆಯದನ್ನು ಬಳಿದರೆ ಬಣ್ಣಗಳು ಕಲೆತು ಕೆಸರಾಗುತ್ತವೆ. ತೇವದ ಗಾಳಿಯಲ್ಲಿ ಒಣಗುವುದು ಇನ್ನೂ ನಿಧಾನ. ಆತುರದ ಮನಸ್ಸಿಗೆ ಇದಕ್ಕಿಂತ ಒಳ್ಳೆಯ ಶಿಕ್ಷಣ ಯಾವುದಿದೆ?

ಕವಿಮನೆಯನ್ನು ನಾಡು ಕಾಪಾಡಿಕೊಂಡಿತು. ನಮ್ಮ ನಮ್ಮ ಊರುಗಳ ತೊಟ್ಟಿಮನೆಗಳಿಗೆ ಆ ಭಾಗ್ಯವಿಲ್ಲ. ಆಸ್ತಿ ಪಾಲಾದೊಡನೆ ಕೆತ್ತನೆಯ ಬಾಗಿಲು, ಕಂಬಗಳು ಮಾರಾಟಕ್ಕೆ ಹೊರಡುತ್ತವೆ. ಪಡಸಾಲೆಯಲ್ಲಿ ಎಷ್ಟು ಕಂಬಗಳಿದ್ದವೆಂದು ಕೇಳಿದರೆ ಅಲ್ಲಿಯೇ ಆಡಿ ಬೆಳೆದವರೂ ತಡವರಿಸುತ್ತಾರೆ. ಒಮ್ಮೆ ಕೈಯಾರೆ ಚಿತ್ರಿಸಿದವರು ಆ ಲೆಕ್ಕವನ್ನು ಮರೆಯಲಾರರು. ಹಾಗೆ ಬಲ್ಲವರು ಮನೆಯನ್ನು ಕೆಡವುವ ಮುನ್ನ ಎರಡು ಸಲ ಯೋಚಿಸಿಯಾರು.

ಚಿತ್ರಕಲೆ ಓದಿಗೆ ಅಡ್ಡಿಯೆಂದು ಭಾವಿಸುವ ತಂದೆತಾಯಿಗಳಲ್ಲಿ ಒಂದು ವಿನಂತಿ. ಕುಪ್ಪಳಿಗೆ ಹೋದಾಗ ಅಲ್ಲಿಯವರ ಅನುಮತಿ ಪಡೆದು, ಇತರರ ದಾರಿಗೆ ಅಡ್ಡವಾಗದಂತೆ, ಮಕ್ಕಳನ್ನು ಒಂದು ಹಗಲು ಕುಳಿತುಕೊಳ್ಳಲು ಬಿಡಿ. ಸಂಜೆ ಅವರೊಡನೆ ಕವಿಶೈಲವನ್ನೇರಿ. 1994ರಲ್ಲಿ ಅಗಲಿದ ಕವಿ ಅಲ್ಲಿಯೇ ಚಿರವಿಶ್ರಾಂತಿ ಪಡೆದಿದ್ದಾರೆ. ಊರಿಗೆ ಮರಳಿದ ಮೇಲೆ ಅದೇ ಮಕ್ಕಳು ಅಜ್ಜನ ಮನೆಯನ್ನೂ ಚಿತ್ರಿಸಲಿ. ಗೆರೆ ಸೊಟ್ಟಗಾದರೆ ಚಿಂತೆಯಿಲ್ಲ. ಅಡಿಯಲ್ಲಿ ಊರಿನ ಹೆಸರು, ದಿನಾಂಕ ಬರೆದು ಜೋಪಾನವಾಗಿಡಿ.