ಹೆಬ್ಬೆಟ್ಟಿನ ಕೈಗೆ 208 ರೂಪಾಯಿ!

ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸವನ್ನು ನಮ್ಮ ಸರಕಾರಗಳು ಇಂದಿಗೂ ದಾನಧರ್ಮದ ಲೆಕ್ಕಕ್ಕೇ ಬರೆಯುತ್ತಿವೆ. ರಸ್ತೆಗೆ, ಬಂದರಿಗೆ ಸುರಿದ ಹಣ ಹೂಡಿಕೆ. ಹೆಬ್ಬೆಟ್ಟು ಒತ್ತುವ ಕೈಗೆ ಲೇಖನಿ ಕೊಡಲು ತಗಲುವ ಹಣ ಮಾತ್ರ ವೆಚ್ಚ! ಈ ವಿಂಗಡಣೆಯೇ ತಪ್ಪು.

2011ರ ಜನಗಣತಿಯ ಪ್ರಕಾರ 15 ವರ್ಷ ದಾಟಿದ ಅನಕ್ಷರಸ್ಥರು ದೇಶದಲ್ಲಿ 25.76 ಕೋಟಿ. ಅವರಲ್ಲಿ 16.68 ಕೋಟಿ ಮಹಿಳೆಯರು. 2022ರಿಂದ 2027ರವರೆಗಿನ ಅವಧಿಗೆ ಕೇಂದ್ರವು ರೂಪಿಸಿದ ನವಭಾರತ ಸಾಕ್ಷರತಾ ಕಾರ್ಯಕ್ರಮದ ಗುರಿ 5 ಕೋಟಿ ಜನ, ಮೊತ್ತ 1,037.90 ಕೋಟಿ ರೂಪಾಯಿ. ಭಾಗಿಸಿ ನೋಡಿ: ತಲೆಗೆ ಸುಮಾರು 208 ರೂಪಾಯಿ. ಕಲಿಸುವ ಹೊಣೆ ಸ್ವಯಂಸೇವಕರ ಹೆಗಲಿಗೆ.

ಅನಕ್ಷರತೆಯ ಬೆಲೆಯನ್ನು ಯಾರು ತೆರುತ್ತಿದ್ದಾರೆ? ಕರಾವಳಿಯ ಬೀಡಿ ಕಾರ್ಮಿಕ ಮಹಿಳೆಯನ್ನೇ ನೋಡಿ. ಕೊಟ್ಟ ಎಲೆಯೆಷ್ಟು, ತಿರಸ್ಕೃತ ಬೀಡಿಯೆಷ್ಟು, ಭವಿಷ್ಯನಿಧಿಗೆ ಕಡಿತವಾದುದೆಷ್ಟು ಎಂಬುದೆಲ್ಲ ಇರುವುದು ಬರಹದಲ್ಲಿ. ಓದಬಲ್ಲವಳು ಪ್ರಶ್ನಿಸುತ್ತಾಳೆ, ಓದಲಾರದವಳು ಗುತ್ತಿಗೆದಾರನ ಮಾತನ್ನೇ ನಂಬಬೇಕು. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯ ಸರಕಾರವು 2025ರಲ್ಲಿ ಸುಗ್ರೀವಾಜ್ಞೆ ತಂದದ್ದು ಸ್ವಾಗತಾರ್ಹ. ಆದರೆ ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಬಡ್ಡಿ ಎಷ್ಟೆಂದು ತಿಳಿಯದವಳ ನೆರವಿಗೆ ಕಾನೂನು ಬರುವುದು ಸಾಲದಲ್ಲಿ ಮುಳುಗಿದ ಮೇಲೆಯೇ ಅಲ್ಲವೇ?

‘ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಹಳೆಯ ತಲೆಮಾರು ಕಳೆದರೆ ಅನಕ್ಷರತೆ ತಾನಾಗಿ ಮುಗಿಯುತ್ತದೆ’ ಎಂಬ ವಾದವಿದೆ. ಇದು ನಿರ್ದಯ ಮಾತ್ರವಲ್ಲ, ನಷ್ಟದ ವಾದವೂ ಹೌದು. ಮೂವತ್ತರ ಅನಕ್ಷರಸ್ಥೆಗೆ ಇನ್ನೂ ಮೂವತ್ತು ವರ್ಷಗಳ ದುಡಿಮೆಯಿದೆ. ಮಗುವಿನ ಪಾಠಪುಸ್ತಕವನ್ನು ಓದಬಲ್ಲ ತಾಯಿ ಆ ಮಗು ಶಾಲೆ ಬಿಡದಂತೆ ಕಾಯುತ್ತಾಳೆ. ಹಾಗಾಗಿ ಅವಳಿಗಾಗಿ ಹೂಡಿದ ಹಣ ಎರಡು ತಲೆಮಾರಿಗೆ ಫಲ ಕೊಡುತ್ತದೆ.

ಕೇರಳ ಕಾಯುತ್ತಾ ಕೂರಲಿಲ್ಲ. 1990ರಲ್ಲಿ ಎರ್ನಾಕುಲಂ, 1991ರ ಎಪ್ರಿಲ್ 18ರಂದು ಇಡೀ ರಾಜ್ಯ ಸಂಪೂರ್ಣ ಸಾಕ್ಷರವೆಂದು ಘೋಷಿತವಾಯಿತು. ಕಲ್ಲಿಕೋಟೆಯಲ್ಲಿ ಆ ಘೋಷಣೆ ಮಾಡಿದವರು ಮಂತ್ರಿಯಲ್ಲ. ಮಲಪ್ಪುರಂ ಜಿಲ್ಲೆಯ ನವಸಾಕ್ಷರೆ ಚೇಲಕ್ಕೋಡನ್ ಆಯಿಶಾ.

ಅಕ್ಷರವೊಂದೇ ಉದ್ಯೋಗ ಸೃಷ್ಟಿಸದು, ನಿಜ. ಬಳಸದಿದ್ದರೆ ಕಲಿತದ್ದೂ ಮರೆತುಹೋಗುತ್ತದೆ. ಆದ್ದರಿಂದಲೇ ಬೇಕಾಗಿರುವುದು ಪ್ರಮಾಣಪತ್ರ ಹಂಚುವ ಉತ್ಸವವಲ್ಲ; ಸಂಬಳ ಪಡೆಯುವ ಶಿಕ್ಷಕರು, ದುಡಿಮೆ ಮುಗಿದ ಹೊತ್ತಿನ ತರಗತಿ, ಪಾಸ್‌ಪುಸ್ತಕ, ಸಾಲಪತ್ರಗಳನ್ನೇ ಪಠ್ಯವಾಗಿಸುವ ಕಲಿಕೆ. ಸರಕಾರ ಇದಕ್ಕೆ ಬಜೆಟ್ಟಿನಲ್ಲಿ ಜಾಗ ಕೊಡಲಿ. ಮದುವೆಯ ಒಂದು ರಾತ್ರಿಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಸಮುದಾಯದ ಶ್ರೀಮಂತರೂ, ತಮ್ಮ ಮನೆಗೆಲಸದಾಕೆ ಹೆಸರು ಬರೆಯಬಲ್ಲಳೇ ಎಂದು ಒಮ್ಮೆ ಕೇಳಿಕೊಳ್ಳಲಿ.